ಮೂವತ್ತು ಎಂದರೆ ಎಷ್ಟು?

ದೆಹಲಿಯ ಸರ್ಕಾರಿ ವಸತಿಗೃಹದಲ್ಲಿ ಕುಳಿತು ಊರ ಹೆಂಚಿನ ಮನೆಯ ನಕ್ಷೆಯನ್ನು ಗಣಕಯಂತ್ರದಲ್ಲಿ ತಿದ್ದುವ ನಮ್ಮಂಥವರು ಮೊದಲು ಗಮನಿಸಬೇಕಾದುದು ಅಳತೆಯ ಮಾನವನ್ನು. ಅಟ್ಟದ ಕತ್ತಲೆ ಕಳೆಯಲೆಂದು ಡಾರ್ಮರ್ ಒಂದನ್ನು, ಅಂದರೆ ತನ್ನದೇ ಪುಟ್ಟ ಮಾಡನ್ನು ಹೊತ್ತು ಮೇಲೆದ್ದ ಕಿಟಕಿಯನ್ನು, ಇರಿಸಿದೆವು. ದೊಡ್ಡ ಮಾಡಿನ ಇಳಿಜಾರು 30 ಡಿಗ್ರಿ. ಡಾರ್ಮರಿಗೂ 30 ಎಂದೇ ತುಂಬಿದೆವು. ಅದು ಮನೆಯ ನೆತ್ತಿಯನ್ನೂ ಮೀರಿ ಗೋಪುರದಂತೆ ನಿಂತಿತು! ತಂತ್ರಾಂಶವನ್ನು ಶಪಿಸುತ್ತ ಕಿಟಕಿಯ ಅಗಲವನ್ನು ಕಿರಿದುಗೊಳಿಸಿ, ಗೋಡೆಯನ್ನು ತಗ್ಗಿಸಿ, ಹೇಗೋ ನೆತ್ತಿಯ ಕೆಳಗೆ ಅಡಗಿಸಿದೆವು. ಅದೇ ನಕ್ಷೆಯನ್ನು ಊರ ಬಡಗಿಗೆ ಕಳುಹಿಸುವವರಿದ್ದೆವು.

ಏಕೋ ಅನುಮಾನ ಬಂದು ಕೋನ ಅಳೆದರೆ 68 ಡಿಗ್ರಿ! ಆ ಚೌಕ ಕೇಳುತ್ತಿದ್ದುದು ಡಿಗ್ರಿಯನ್ನಲ್ಲ, ಅಮೆರಿಕದ ಬಡಗಿಗಳ ಲೆಕ್ಕವನ್ನು: ಅಡ್ಡಲಾಗಿ 12 ಅಂಗುಲ ಸಾಗಿದರೆ ಮಾಡು ಎಷ್ಟು ಅಂಗುಲ ಏರುತ್ತದೆ ಎಂಬುದನ್ನು. ನಮ್ಮ ಆರಡಿ ಅಗಲದ ಡಾರ್ಮರಿನ ಮಾಡು ಒಂದೂಮುಕ್ಕಾಲು ಅಡಿಯ ಬದಲು ಏಳೂವರೆ ಅಡಿ ಏರಿದ್ದುದು ಇದರಿಂದಲೇ. ಮೊದಲಿನ ಅಗಲವನ್ನೇ ಮರಳಿಸಿ, 30 ಅಳಿಸಿ 7 ಎಂದು ಬರೆದೆವು, ತೆಪ್ಪಗೆ ಕುಳಿತಿತು.

ಸಂಖ್ಯೆಯ ಪಕ್ಕದಲ್ಲೇ ಮಾನವನ್ನು ನಮೂದಿಸದ ತಂತ್ರಾಂಶ, ಚಿತ್ರವನ್ನು ಎಷ್ಟೇ ಚೆಂದ ಬಿಡಿಸಲಿ, ಅರೆಬೆಂದದ್ದೆಂದೇ ನಮ್ಮ ಅಭಿಪ್ರಾಯ. (ಕಚೇರಿಯಲ್ಲಿ ಮಾನವಿಲ್ಲದ ಅಂಕಿ ಬಂದರೆ ಕಡತವನ್ನೇ ಹಿಂದಿರುಗಿಸುವವರು ನಾವು!) ಆ ತಪ್ಪು ಅಳತೆಗೆ ಮರ ಕೊಯ್ಸಿದ್ದರೆ ಹಣ ಹೋಗುತ್ತಿದ್ದುದು ಅಪ್ಪನ ಪಿಂಚಣಿಯಿಂದ.