ಯಾರ ಜೀವದ ಮೇಲೆ ಈ ಥ್ರಿಲ್ಲು?

ರೋಲರ್ ಕೋಸ್ಟರ್‌ಗಳು ಸಪ್ಪೆಯಾಗಿವೆಯಂತೆ. ಶೈಕ್ಷಣಿಕ ಪ್ರವಾಸದ ನೆಪದಲ್ಲಿ ಬಿಡದಿಯ ವಂಡರ್‌ಲಾ ನೋಡಿಕೊಂಡು ಬಂದ ಕಾಲೇಜು ಹುಡುಗರು ಹೇಳುವುದು ಇದನ್ನೇ. ಪುಣೆ, ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಜಾತ್ರೆಗೆಂದು ಊರಿಗೆ ಬರುವ ಅಣ್ಣಂದಿರು ಹೇಳುವುದೂ ಇದನ್ನೇ. ಹೆಗಲ ಮೇಲಿಂದ ಪಟ್ಟಿ, ತೊಡೆಯ ಮೇಲೆ ಸರಳು, ಬಾಗಿಲಲ್ಲಿ ಎತ್ತರ ಅಳೆಯುವ ಕೋಲು, ದಾರಿಯುದ್ದಕ್ಕೂ ಬ್ರೇಕು; ಇನ್ನೆಲ್ಲಿಯ ಮಜಾ? "ಅದರಕಿಂತ ನಮ್ಮೂರ ಜಾತ್ರಿ ತೊಟ್ಟಿಲಾನ ಛಲೋ, ಜೀವ ಬಾಯಿಗೆ ಬರ್ತದ" ಎಂದು ತೀರ್ಪೂ ಬಿದ್ದಾಗಿರುತ್ತದೆ. ನವಲಗುಂದದ ಚಹಾದಂಗಡಿಯಲ್ಲಾಗಲಿ ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಾಗಲಿ ಈ ಮಾತಿಗೆ ಹೂಂಗುಟ್ಟುವವರಿಗೆ ಕೊರತೆಯಿಲ್ಲ.

ಮಾತು ತಪ್ಪು. ಕೇಳಿ ಸುಮ್ಮನಿರುವಂಥ ತಪ್ಪೂ ಅಲ್ಲ. ಈ ಸೀಮೆಯ ಜಾತ್ರೆಗಳಲ್ಲಿ ಮಕ್ಕಳನ್ನು ಮೇಲಕ್ಕೆತ್ತಿ ತಿರುಗಿಸುವ ಯಂತ್ರಗಳನ್ನು ಬಲ್ಲವರು ಯಾರೂ ಮುಟ್ಟಿ ನೋಡದೆ ಬಿಡುವುದಕ್ಕೆ ಇದೇ ಧೈರ್ಯದ ಮಾತು ಸಬೂಬಾಗಿದೆ.

ಮೊದಲು ಸಪ್ಪೆ ಎಂಬುದನ್ನೇ ನೋಡೋಣ. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿ 2010ರಿಂದ ಓಡುತ್ತಿರುವ ಫಾರ್ಮುಲಾ ರೊಸ್ಸಾದ ವೇಗ ಗಂಟೆಗೆ 240 ಕಿಲೋಮೀಟರ್. ಮುಂದೆ ಕುಳಿತವರ ಕಣ್ಣಿಗೆ ಗಾಳಿಯ ಧೂಳು ಹೊಡೆಯದಿರಲೆಂದು ಕನ್ನಡಕ ಕೊಟ್ಟೇ ಹತ್ತಿಸುತ್ತಾರೆ. ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ ಕಟ್ಟಿರುವ ಫಾಲ್ಕನ್ಸ್ ಫ್ಲೈಟ್ ಅದನ್ನೂ ಮೀರಿಸಿ 250 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಂಡಿದೆ. ಅಷ್ಟು ದೂರವೇಕೆ, ಮುಂಬೈ-ಪುಣೆ ದಾರಿಯ ಖೋಪೋಲಿಯ ಇಮ್ಯಾಜಿಕಾದಲ್ಲಿರುವ ನೈಟ್ರೋ ಸುಮಾರು 40 ಮೀಟರ್ ಎತ್ತರದಿಂದ ಧುಮುಕಿ, ಕಾಲ ಕೆಳಗೆ ನೆಲವೇ ಇಲ್ಲದಂತೆ ಕೂರಿಸಿ, ಐದು ಸಲ ತಲೆಕೆಳಗು ಮಾಡುತ್ತದೆ. ಇದನ್ನು ಸಪ್ಪೆ ಎನ್ನುವವರಿಗೆ ಖಾರ ಎಂದರೆ ಏನು?

ಅವರ ಕೈಯಲ್ಲಿ ಒಂದು ದಾಖಲೆ ಸದಾ ಇರುತ್ತದೆ: ಕಿಂಗ್‌ಡಾ ಕಾ. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಶುರುವಾದ, 139 ಮೀಟರ್ ಎತ್ತರದ ಈ ಕೋಸ್ಟರನ್ನು 2025ರ ಫೆಬ್ರುವರಿ 28ರಂದು ಸ್ಫೋಟಕ ಇಟ್ಟು ಉರುಳಿಸಿದರು. ಧೈರ್ಯದ ಕಾಲ ಮುಗಿಯಿತು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಆ ಯಂತ್ರ ಪದೇಪದೇ ಕೆಟ್ಟು ನಿಲ್ಲುತ್ತಿತ್ತು, ತಾಸುಗಟ್ಟಲೆ ಸಾಲಿನಲ್ಲಿ ನಿಂತವರು ಹತ್ತದೆ ಮನೆಗೆ ಹೋಗುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೆಟ್ಟು ನಿಂತ ಯಂತ್ರದಲ್ಲಿ ಯಾವ ಥ್ರಿಲ್ಲಿದೆ?

ಸುರಕ್ಷತೆ ಬಂದು ಭಯವನ್ನು ಕೊಂದಿತು ಎನ್ನುವವರು ಒಂದೇ ಒಂದು ಚರಿತ್ರೆ ಓದಿಕೊಂಡರೆ ಸಾಕು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಕೋಸ್ಟರ್ ಓಡಿತು. ಅದರಲ್ಲಿ ಜನರನ್ನು ತಲೆಕೆಳಗು ಮಾಡುವ ಒಂದು ಸುತ್ತಿತ್ತು, ಸುಮಾರು 25 ಅಡಿಯ ಅಚ್ಚುಕಟ್ಟಾದ ವೃತ್ತ. ಆ ವೃತ್ತವೇ ಶಾಪವಾಯಿತು. ಗಾಡಿ ಕೆಳಗೆ ಇದ್ದಾಗ ವೇಗ ಅತಿ ಹೆಚ್ಚು. ಅದೇ ವೇಗದಲ್ಲಿ ಬಿಗಿಯಾದ ವೃತ್ತಕ್ಕೆ ನುಗ್ಗಿದರೆ ಮೈಭಾರ ಒಮ್ಮೆಲೇ ಹಲವು ಪಟ್ಟಾಗುತ್ತದೆ. ಫ್ಲಿಪ್ ಫ್ಲ್ಯಾಪ್‌ನಲ್ಲಿ ಅದು 12 ಪಟ್ಟಿನವರೆಗೂ ಹೋಗುತ್ತಿತ್ತೆಂದು ಅಂದಾಜು. ಐವತ್ತು ಕಿಲೋ ತೂಗುವ ಹುಡುಗಿ ಆ ಕ್ಷಣದಲ್ಲಿ ಆರು ಕ್ವಿಂಟಲ್ ತೂಗುತ್ತಾಳೆ, ಅವಳ ತಲೆಯ ಭಾರವನ್ನೆಲ್ಲ ಕತ್ತು ಹೊರಬೇಕು. ಕತ್ತು ಉಳುಕಿಸಿಕೊಂಡು ಇಳಿದವರ ಕಥೆ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು.

1901ರಲ್ಲಿ ಅಲ್ಲಿಯೇ ಇನ್ನೊಬ್ಬರು ವೃತ್ತವನ್ನು ತುಸು ಮೊಟ್ಟೆಯಾಕಾರಕ್ಕೆ ತಿರುಗಿಸಿ ಲೂಪ್ ದಿ ಲೂಪ್ ಕಟ್ಟಿದರು. ಅದನ್ನು ಹತ್ತಿದವರಿಗಿಂತ ದುಡ್ಡು ಕೊಟ್ಟು ನಿಂತು ನೋಡಿದವರೇ ಹೆಚ್ಚು. ಅದಾದ ಮೇಲೆ ಹಲವು ದಶಕ ಜಗತ್ತು ತಲೆಕೆಳಗಾಗುವ ಕೋಸ್ಟರಿನ ಗೋಜಿಗೇ ಹೋಗಲಿಲ್ಲ ಎನ್ನಬಹುದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ರೆವಲ್ಯೂಷನ್ ಬಂತು. ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಅದನ್ನು ಕಟ್ಟಿದ, ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ. ಸುತ್ತನ್ನು ವೃತ್ತದ ಬದಲು ಬುಡ ಅಗಲ, ನೆತ್ತಿ ಕಿರಿದಾದ ಹನಿಯ ಆಕಾರಕ್ಕೆ ತಂದರು. ವೇಗ ಹೆಚ್ಚಿರುವ ಕಡೆ ತಿರುವು ಸಡಿಲ, ವೇಗ ಇಳಿದಿರುವ ಕಡೆ ತಿರುವು ಬಿಗಿ. ಕತ್ತು ಉಳಿಯಿತು. ಇವತ್ತು ಜಗತ್ತಿನ ಕೋಸ್ಟರ್‌ಗಳು ಐದು, ಏಳು, ಹತ್ತು ಸಲ ಮನುಷ್ಯನನ್ನು ತಲೆಕೆಳಗು ಮಾಡುತ್ತಿರುವುದು ಆ ಲೆಕ್ಕದ ಬಲದಿಂದ. ಸುರಕ್ಷತೆ ಬಾರದಿದ್ದರೆ ಒಂದು ಸುತ್ತಿಗೂ ಗತಿಯಿರುತ್ತಿರಲಿಲ್ಲ.

ಗಾಲಿಯ ಕಥೆಯೂ ಅದೇ. ಕೋಸ್ಟರಿನ ಗಾಡಿಯನ್ನು ಹತ್ತಿರದಿಂದ ನೋಡಿದರೆ ಒಂದೊಂದು ಮೂಲೆಯಲ್ಲೂ ಮೂರು ಬಗೆಯ ಗಾಲಿ ಕಾಣುತ್ತವೆ: ಹಳಿಯ ಮೇಲೆ ಓಡುವುದು, ಹಳಿಯ ಮಗ್ಗುಲನ್ನು ಒತ್ತಿ ಹಿಡಿಯುವುದು, ಹಳಿಯ ಅಡಿಯಿಂದ ಕಚ್ಚಿ ನಿಲ್ಲುವುದು. ಅಡಿಯ ಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ 1919ರ ಸುಮಾರಿಗೆ ಪೇಟೆಂಟ್ ಪಡೆದ. ಅದಕ್ಕೆ ಮುಂಚೆ ದಿಬ್ಬ ಕಡಿದಾಗಿದ್ದರೆ ಗಾಡಿ ಹಳಿ ಬಿಟ್ಟು ಹಾರುವ ಹೆದರಿಕೆ, ಹಾಗಾಗಿ ದಿಬ್ಬಗಳೇ ತಗ್ಗು. ಗಾಲಿ ಕಚ್ಚಿ ಹಿಡಿದ ಮೇಲೆ ಇಳಿಜಾರು ಪಾತಾಳಕ್ಕೆ ಇಳಿಯಿತು. ಅಮೆರಿಕದ ಓಹಾಯೊದಲ್ಲಿ ಮೀನ್ ಸ್ಟ್ರೀಕ್ ಎಂಬ ಹಳೆಯ ಮರದ ಕೋಸ್ಟರ್ ಇತ್ತು. ಅದರ ಚೌಕಟ್ಟಿಗೆ ಉಕ್ಕಿನ ಹಳಿ ಕೂಡಿಸಿ 2018ರಲ್ಲಿ ಸ್ಟೀಲ್ ವೆಂಜನ್ಸ್ ಎಂದು ಹೊಸದಾಗಿ ಬಿಟ್ಟರು. ಮೊದಲ ಇಳಿತ ನೆಟ್ಟಗೆ 90 ಡಿಗ್ರಿ. ಹಳೆಯ ಮರದ ಹಳಿಯ ಮೇಲೆ ಕನಸಿನಲ್ಲೂ ಆಗದ ಕೆಲಸವದು. ಎತ್ತರವೂ ಹೆಚ್ಚಿತು, ಪೃಷ್ಠ ಆಸನದಿಂದ ಮೇಲೇಳುವ ಕ್ಷಣಗಳೂ ಹೆಚ್ಚಿದವು. ತೊಡೆಯ ಮೇಲಿನ ಸರಳನ್ನು ಬೈಯುವವರು ತಿಳಿಯಬೇಕಾದದ್ದು ಇಷ್ಟೇ: ಆ ಸರಳು ಇರುವುದರಿಂದಲೇ ಮನುಷ್ಯನನ್ನು ಅಷ್ಟು ಮೇಲಕ್ಕೆ ಎಸೆಯಲು ಸಾಧ್ಯವಾಗಿದೆ.

ಇವರಿಗೆ ಬೇಕಾಗಿರುವುದು ಭಯವಾಗಿದ್ದರೆ ಅದು ಸಿಕ್ಕಿದೆ. ಬೇಕಾಗಿರುವುದು ಅಪಾಯವಾಗಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಲಿ. ಕೆನಡಾದ ಕ್ರಿಸ್ಟಲ್ ಬೀಚ್‌ನಲ್ಲಿ 1927ರಿಂದ ಓಡಿದ ಸೈಕ್ಲೋನ್ ಎಂಬ ಕೋಸ್ಟರಿನ ನಿಲ್ದಾಣದಲ್ಲಿ ಒಬ್ಬ ನರ್ಸನ್ನೇ ಕೂರಿಸಿದ್ದರು. ಇಳಿಯುವಾಗ ಮೂರ್ಛೆ ಹೋದವರನ್ನು ನೋಡಿಕೊಳ್ಳುವುದು ಅವರ ಕೆಲಸ. ಕಟ್ಟಾ ಅಭಿಮಾನಿಗಳು ಇಂದಿಗೂ ಭಕ್ತಿಯಿಂದ ನೆನೆಯುವ ಆ ಕೋಸ್ಟರ್ ಇಪ್ಪತ್ತು ವರ್ಷವೂ ಬಾಳಲಿಲ್ಲ. 1946ರಲ್ಲಿ ಕಳಚಿ ಹಾಕಿದರು.

ಅಪಾಯವೇ ಬೇಕಾದವರಿಗೆ ಭಾರತದಲ್ಲಿ ಬರವಿಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಯಂತ್ರ ಮುರಿದು ಬಿದ್ದು ಇಬ್ಬರು ಸತ್ತರು, ಹತ್ತಾರು ಜನ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಜನರನ್ನು ಮೇಲೇರಿಸಿ ಇಳಿಸುವ ಯಂತ್ರ ಸುಮಾರು 50 ಅಡಿ ಎತ್ತರದಿಂದ ನೆಲಕ್ಕಪ್ಪಳಿಸಿತು. ನಮ್ಮದೇ ರಾಜ್ಯದ ಶ್ರೀರಂಗಪಟ್ಟಣದಲ್ಲಿ 2023ರ ಜನವರಿಯಲ್ಲಿ, ರಥಸಪ್ತಮಿಯ ದಿನ, ಜೈಂಟ್ ವ್ಹೀಲಿಗೆ ಕೂದಲು ಸಿಕ್ಕಿ ಬಾಲಕಿಯೊಬ್ಬಳ ನೆತ್ತಿಯ ಚರ್ಮವೇ ಕಿತ್ತು ಬಂತು. 2025ರ ಏಪ್ರಿಲಿನಲ್ಲಿ ದೆಹಲಿಯ ಕಾಪಸಹೇಡಾದ ಉದ್ಯಾನದಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು 24 ವರ್ಷದ ಯುವತಿ ಪ್ರಾಣ ಬಿಟ್ಟಳು. ಇವರಲ್ಲಿ ಯಾರೂ ಶೌರ್ಯ ತೋರಿಸಲು ಹೋದವರಲ್ಲ. ರಜೆಯ ದಿನ ನಕ್ಕು ಬರೋಣವೆಂದು ಟಿಕೆಟ್ ಕೊಂಡವರು.

ಈಗ ಧಾರವಾಡ ಜಿಲ್ಲೆಯ ಜಾತ್ರೆಗೆ ಬರೋಣ. ಯಾವ ಊರೆಂದು ಬೊಟ್ಟು ಮಾಡಬೇಕಿಲ್ಲ, ಎಲ್ಲ ಕಡೆಯೂ ಚಿತ್ರ ಒಂದೇ. ತೇರಿಗೆ ನಾಲ್ಕು ದಿನ ಮುಂಚೆ ಲಾರಿಗಳು ಬರುತ್ತವೆ. ಜೈಂಟ್ ವ್ಹೀಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಚಿಕ್ಕ ಮಕ್ಕಳಿಗೆ ಡ್ರ್ಯಾಗನ್ ಟ್ರೇನ್. ಈ ಸೀಮೆಯ ಹಳ್ಳಿ ಮಗು ಹತ್ತುವ ಮೊದಲ ರೋಲರ್ ಕೋಸ್ಟರ್ ಅದೇ ಡ್ರ್ಯಾಗನ್ ಟ್ರೇನು. ಊರ ಹೊರಗಿನ ಖಾಲಿ ಹೊಲದಲ್ಲಿ ಮರದ ದಿಮ್ಮಿ, ಹಲಗೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ, ಕಣ್ಣಳತೆಯಲ್ಲಿ ಮಟ್ಟ ನೋಡುತ್ತಾರೆ. ನವಲಗುಂದ, ಅಣ್ಣಿಗೇರಿ ಕಡೆಯ ನೆಲವೆಂದರೆ ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಕಲ್ಲಿನ ಮನೆಯ ಗೋಡೆಯನ್ನೇ ಸೀಳುವ ಮಣ್ಣಿದು. ಮಧ್ಯಾಹ್ನ ಮಟ್ಟಸವಾಗಿದ್ದ ದಿಮ್ಮಿ ಸಂಜೆ ಒಂದು ಅಡ್ಡಮಳೆ ಸುರಿದರೆ ಒಂದು ಮಗ್ಗುಲಿಗೆ ಕುಸಿಯುವುದಕ್ಕೆ ಎಷ್ಟು ಹೊತ್ತು? ನೆಲದಲ್ಲಿ ಎರಡು ಬೆರಳು ವಾಲಿದ ಕಾಲು ಮೇಲಿನ ತೊಟ್ಟಿಲಿನ ಹೊತ್ತಿಗೆ ಮೊಳದಷ್ಟು ವಾಲಿರುತ್ತದೆ. ಮಳೆ ನಿಂತ ಅರ್ಧ ತಾಸಿಗೆ ಜನರೇಟರ್ ಮತ್ತೆ ಶುರುವಾಗುತ್ತದೆ. ದಿಮ್ಮಿ ಬಗ್ಗಿ ನೋಡಿದವರು ಯಾರು? ತೊಟ್ಟಿಲ ಬಾಗಿಲಿಗೆ ಒಂದು ಕೊಂಡಿ, ಕೊಂಡಿಯ ಪಿನ್ನು ಕಳೆದಿದ್ದರೆ ಅದರ ಜಾಗಕ್ಕೆ ಬೈಂಡಿಂಗ್ ತಂತಿ. ಕೇಳಿದರೆ ಉತ್ತರ ಸಿದ್ಧ: "ಏನ್ ಆಗೂದಿಲ್ಲ ಬಿಡ್ರಿ."

ಈ "ಏನ್ ಆಗೂದಿಲ್ಲ"ಕ್ಕೂ "ಸಪ್ಪಗ ಆಗ್ಯಾವ"ಕ್ಕೂ ಬೇರು ಒಂದೇ. ತಪಾಸಣೆ ಎಂದರೆ ಮಜಾ ಕೆಡಿಸುವವರ ಕೆಲಸ ಎಂಬ ಭಾವನೆ ಎರಡರಲ್ಲೂ ಇದೆ. ಬೆಂಗಳೂರಿನ ಪಾರ್ಕಿನಲ್ಲಿ ಬೆಳಿಗ್ಗೆ ಖಾಲಿ ಗಾಡಿ ಓಡಿಸಿ ನೋಡಿ ಆಮೇಲೆ ಜನರನ್ನು ಹತ್ತಿಸಿದರೆ ಅದು ಸಪ್ಪೆ. ಜಾತ್ರೆಯಲ್ಲಿ ಮೊದಲ ಸುತ್ತಿಗೇ ಮಕ್ಕಳನ್ನು ಕೂರಿಸಿದರೆ ಅದು ಗಂಡೆದೆ. ಯಾರ ಎದೆ? ಹತ್ತಿದ ಆರು ವರ್ಷದ ಕೂಸಿನದೇ?

ಸರಕಾರದ ಲೆಕ್ಕಾಚಾರವಂತೂ ಹೊಟ್ಟೆ ಉರಿಸುತ್ತದೆ. ಕಂಬಳ, ಎತ್ತಿನ ಬಂಡಿ ಓಟಗಳಿಗಾಗಿ 2017ರಲ್ಲಿ ವಿಧಾನಸೌಧ ಪ್ರಾಣಿಹಿಂಸೆ ತಡೆ ಕಾಯ್ದೆಗೇ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ಒಳ್ಳೆಯದೇ ಆಯಿತು, ಖಾಲಿ ಗಾಡಾ ಓಡಿಸುವ ರೈತನಿಗೆ ನೆಮ್ಮದಿ ಸಿಕ್ಕಿತು, ಎತ್ತಿಗೂ ಕಟ್ಟಳೆಯ ಆಸರೆ ಸಿಕ್ಕಿತು. ಎತ್ತಿನ ಬಗ್ಗೆ ಇಷ್ಟು ಯೋಚಿಸಿದ ಅದೇ ದೇಶದಲ್ಲಿ ಇಂಥ ಆಟದ ಯಂತ್ರಗಳಿಗೆಂದೇ ಒಂದು ಪ್ರತ್ಯೇಕ ಕೇಂದ್ರ ಕಾನೂನಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಎಂಬ ಸುರಕ್ಷತಾ ಸಂಹಿತೆ ಇದೆ. ಅದರ ಹೆಸರು ಕೇಳಿದ ಜಾತ್ರಾ ಕಮಿಟಿ ಧಾರವಾಡ ಜಿಲ್ಲೆಯಲ್ಲಿ ಎಷ್ಟಿವೆ? ದೊಡ್ಡ ಪಾರ್ಕು ಬೆಂಗಳೂರಿಗೆ, ಅದರ ಜೊತೆ ಬರುವ ಎಂಜಿನಿಯರೂ ಬೆಂಗಳೂರಿಗೆ. ಕಲಘಟಗಿಯ ಹುಡುಗ ಒಳ್ಳೆಯ ಕೋಸ್ಟರ್ ಹತ್ತಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ನಾಲ್ಕು ನೂರು ಕಿಲೋಮೀಟರಿಗೂ ಆಚೆ ಹೋಗಬೇಕು. ಅಷ್ಟು ದುಡ್ಡಿಲ್ಲದವನ ಪಾಲಿಗೆ ದಿಮ್ಮಿಯ ಮೇಲೆ ನಿಂತ ಜೈಂಟ್ ವ್ಹೀಲು. ಮಹದಾಯಿ ನೀರಿಗೆ ದಶಕಗಳಿಂದ ಕಾಯುತ್ತಿರುವ ನವಲಗುಂದದ ಜನಕ್ಕೆ ಈ ತಾರತಮ್ಯ ಹೊಸದಲ್ಲ, ಆದರೆ ಮಕ್ಕಳ ಜೀವದ ವಿಷಯದಲ್ಲೂ ಅದನ್ನೇ ನುಂಗಿಕೊಂಡು ಕೂರಬೇಕೇ?

ಹಳೆಯ ಕಾಲದ ಧೈರ್ಯವನ್ನು ಹೊಗಳುವವರು ಪಂಚಮಿ ಜೋಕಾಲಿಯನ್ನೂ ಎಳೆದು ತರುತ್ತಾರೆ. ಬೇವಿನ ಮರದ ಎತ್ತರದ ಕೊಂಬೆಗೆ ಹಗ್ಗ ಬಿಗಿದು, ಇಬ್ಬರು ಎದುರುಬದುರು ನಿಂತು ಜೀಕಿದರೆ ಕಾಲು ಎಲೆ ಮುಟ್ಟುತ್ತಿತ್ತು. ಯಾವ ಪಟ್ಟಿ ಇತ್ತು, ಯಾವ ಸರಳಿತ್ತು ಎನ್ನುತ್ತಾರೆ. ನಿಜ, ಪಟ್ಟಿ ಇರಲಿಲ್ಲ. ಆದರೆ ಹಗ್ಗ ಕಟ್ಟುವ ದಿನ ಮನೆಯ ಹಿರಿಯ ಏನು ಮಾಡುತ್ತಿದ್ದ? ಮಿಣಿಯನ್ನು ಗೇಣು ಗೇಣಾಗಿ ಕೈಯಾಡಿಸಿ ಎಲ್ಲಿ ಎಳೆ ಸವೆದಿದೆ ನೋಡುತ್ತಿದ್ದ. ಕೊಂಬೆ ಉಜ್ಜುವ ಕಡೆ ಗೋಣಿತಟ್ಟು ಸುತ್ತುತ್ತಿದ್ದ. ಮೈಯಲ್ಲಿ ಗಟ್ಟಿಯಾದ ಆಳೊಬ್ಬ ಮೊದಲು ಜೋತುಬಿದ್ದು ಜಗ್ಗಿ ನೋಡಿದ ಮೇಲೆ ಹೆಣ್ಣುಮಕ್ಕಳ ಸರದಿ. ಆ ಹಿರಿಯನಿಗೂ ರೆವಲ್ಯೂಷನ್‌ಗೆ ಲೆಕ್ಕ ಹಾಕಿದ ಸ್ಟೆಂಗೆಲ್‌ಗೂ ಕಾಳಜಿ ಒಂದೇ ಆಗಿತ್ತು. ಜೀಕು ಎಷ್ಟು ಎತ್ತರಕ್ಕೆ ಹೋದರೂ ಹುಡುಗಿ ನಕ್ಕೊಂಡು ಇಳಿಯಬೇಕು.

ಆ ಕೈಯಾಡಿಸುವ ಕೆಲಸವನ್ನು ಈಗ ಮಾಡಬೇಕಾದವರು ಇಲ್ಲದೆ ಇಲ್ಲ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ, ಧಾರವಾಡದಲ್ಲಿ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜಿದೆ, 2016ರಿಂದ ಐಐಟಿಯೂ ಇದೆ. ಮೆಕ್ಯಾನಿಕಲ್, ಸಿವಿಲ್ ಪ್ರಾಧ್ಯಾಪಕರಿಗೆ ಒಂದು ಮಧ್ಯಾಹ್ನದ ಕೆಲಸವಿದು: ಬೆಸುಗೆ, ಬೋಲ್ಟು, ಪಿನ್ನು, ಬ್ರೇಕು, ದಿಮ್ಮಿಯ ಕೆಳಗಿನ ಮಣ್ಣು. ಜಾತ್ರಾ ಕಮಿಟಿಗಳು ಆಟದವರಿಂದ ನೆಲಬಾಡಿಗೆ ಎತ್ತುತ್ತವೆ. ಅದರಲ್ಲೇ ತಪಾಸಣೆಯ ಖರ್ಚು ತೆಗೆದಿಡಲಿ. ಎಂದು, ಯಾರು, ಏನೇನು ನೋಡಿದರು, ಎಷ್ಟು ಜನರನ್ನು ಹತ್ತಿಸಬಹುದು ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು, ಸಹಿ ಹಾಕಿ, ಟಿಕೆಟ್ ಕೌಂಟರಿನ ಮೇಲೆ ಅಂಟಿಸಲಿ. ಮಳೆ ಬಂದರೆ ಆ ಚೀಟಿ ರದ್ದು, ಮತ್ತೆ ನೋಡಿದ ಮೇಲೆಯೇ ಯಂತ್ರ ತಿರುಗಬೇಕು. ತಹಶೀಲ್ದಾರರು ಪರವಾನಗಿಗೆ ಸಹಿ ಹಾಕುವ ಮುನ್ನ ಈ ಒಂದು ಕಾಗದ ಕೇಳಿದರೆ ಸಾಕು. ಅದಕ್ಕೆ ಹೊಸ ಕಾಯ್ದೆಗೆ ಕಾಯಬೇಕಿಲ್ಲ, ಬರುವ ಜಾತ್ರೆಯಿಂದಲೇ ಶುರು ಮಾಡಬಹುದು.