ಮರ ಬಾಳಿಕೆ ಬರೋಲ್ಲ ಅಂದವರಿಗೆ

"ಮರದ ಮನೆ ಇನ್ನೆಷ್ಟು ದಿನ ಬಾಳಿಕೆ ಬಂದೀತು ಅಣ್ಣಾ? ಕೆಡವಿ ತಾರಸಿ ಹಾಕಿಸೋಣ" ಅಂತ ತಮ್ಮ ಸಾಗರದಿಂದ ಫೋನ್ ಮಾಡಿದಾಗ, ಪುಣೆಯ ಫ್ಲ್ಯಾಟಿನಲ್ಲಿ ಕೂತಿದ್ದ ನಾನು "ಆಗಲಿ" ಅಂದುಬಿಟ್ಟೆ. ಅಜ್ಜ ನಿಲ್ಲಿಸಿದ ಹಲಸಿನ ಕಂಬಗಳು ಹಳೇ ಸಾಮಾನಿನ ವ್ಯಾಪಾರಿಯ ಲಾರಿ ಹತ್ತಿದವು. ಅದು 2005. ಎರಡು ವರ್ಷದ ಮೇಲೆ ಕಂಪನಿ ಕೆಲಸಕ್ಕೆಂದು ಮೂರು ತಿಂಗಳು ಜರ್ಮನಿಗೆ ಹೋದೆ. ಮಾಡಿದ್ದು ಎಂಥ ತಪ್ಪು ಅಂತ ಅಲ್ಲಿ ತಿಳಿಯಿತು.

ಕ್ವೆಡ್ಲಿನ್‌ಬುರ್ಗ್ ಎಂಬ ಊರಲ್ಲಿ ಬೀದಿಗೆ ಬೀದಿಯೇ ಮರದ ಚೌಕಟ್ಟಿನ ಮನೆಗಳು. ಯುನೆಸ್ಕೊ 1994ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 14ನೇ ಶತಮಾನದ ಮನೆಯೊಂದು ಅಲ್ಲಿ ಇನ್ನೂ ನಿಂತಿದೆ. ಮಳೆ, ಹಿಮ ಅಲ್ಲಿಲ್ಲವೇ ಸ್ವಾಮಿ?

ಅವರು ಈ ಕಟ್ಟೋಣಕ್ಕೆ 'ಫಾಖ್‌ವೆರ್ಕ್' ಅನ್ನುತ್ತಾರೆ. 'ಫಾಖ್' ಎಂದರೆ ಖಾನೆ; ನಮ್ಮ ಅಂಕಣಕ್ಕೆ ಹತ್ತಿರದ ಮಾತು. ಕಲ್ಲಿನ ಅಡಿಗಟ್ಟಿನ ಮೇಲೆ ಓಕ್ ಮರದ ಅಡಿತೊಲೆ, ಅದರ ಮೇಲೆ ಕಂಬ, ಮನೆ ವಾಲದಂತೆ ಓರೆ ಆಸರೆಗಳು. ಕಂಬದ ತುದಿಯನ್ನು ನಾಲಿಗೆಯಂತೆ ಕೆತ್ತಿ, ತೊಲೆಯ ತೂತಿಗೆ ಕೂರಿಸಿ, ಮರದ ಗೂಟ ಹೊಡೆಯುತ್ತಾರೆ. ಬಡಗಿ ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ನೋಡಿ, ತುಂಡು ತುಂಡಿಗೂ ಗುರುತು ಕೆತ್ತಿ, ಆಮೇಲೆ ಎತ್ತಿ ನಿಲ್ಲಿಸುತ್ತಾನೆ. ಖಾನೆಗಳಿಗೆ ಕಡ್ಡಿ ಹೆಣೆದು ಹುಲ್ಲು ಕಲಸಿದ ಮಣ್ಣು ಮೆತ್ತುತ್ತಾರೆ. ಭಾರ ಹೊರುವುದು ಮರ. ಗೋಡೆ ಬರೀ ಮರೆ. ಆದ್ದರಿಂದ ಕಂಬದ ಬುಡ ಕೊಳೆತರೆ ಅಷ್ಟನ್ನೇ ಕೊಯ್ದು ಹೊಸ ಮರ ಬೆಸೆಯಬಹುದು. ಮನೆಗೆ ಆಸರೆ ಕೊಟ್ಟು ಅಡಿತೊಲೆಯನ್ನೇ ಬದಲಾಯಿಸುವುದೂ ಉಂಟು. ನಾವೋ, ಒಂದು ಕಂಬದ ಬುಡಕ್ಕೆ ಗೆದ್ದಲು ಹಿಡಿಯಿತೆಂದು ಇಡೀ ಮನೆ ಕೆಡವಿದೆವು!

"ಜರ್ಮನಿಯವರ ಹತ್ತಿರ ದುಡ್ಡಿದೆ, ನಿಮಗೆ ದೂರ ಕೂತು ಹೇಳೋದು ಸುಲಭ" ಅನ್ನುತ್ತೀರಿ. ಒಪ್ಪಿದೆ; ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆಯುವವರು ನೀವು. ಆದರೆ ಅವರೇನೂ ಹುಟ್ಟಾ ಜಾಣರಲ್ಲ. ಹಳೇ ಮನೆಗಳಿಗೆ ಅವರೂ ಸಿಮೆಂಟು ಬಳಿದರು. ನೀರು ಒಳಗೇ ಸಿಕ್ಕಿಕೊಂಡು, ಶತಮಾನ ಕಂಡ ಓಕ್ ಕೊಳೆಯಿತು. ಈಗ ಅದನ್ನು ಕೆತ್ತಿ ತೆಗೆದು ಮತ್ತೆ ಮಣ್ಣು, ಸುಣ್ಣಕ್ಕೆ ಬಂದಿದ್ದಾರೆ. ನಮ್ಮ ಮಣ್ಣಿನ ಗೋಡೆಗಳಿಗೆ ನಾವು ಇವತ್ತಿಗೂ ಸಿಮೆಂಟೇ ಬಳಿಯುತ್ತಿದ್ದೇವೆ.

ಹಿಲ್ಡೆಸ್‌ಹೈಮ್ ಊರಿನ ಕಥೆ ಕೇಳಿ. 1529ರಲ್ಲಿ ಕಟುಕರ ಸಂಘ ಕಟ್ಟಿಸಿದ ಮರದ ಮಹಾಮನೆ 1945ರ ಬಾಂಬಿಗೆ ಸುಟ್ಟುಹೋಯಿತು. 1960ರ ದಶಕದಲ್ಲಿ ಆ ಜಾಗದಲ್ಲಿ ಹೋಟೆಲೊಂದು ಎದ್ದಿತು. 1980ರ ದಶಕದಲ್ಲಿ ಆ ಹೋಟೆಲನ್ನೇ ಕೆಡವಿ, ಓಕ್ ತೊಲೆಗಳನ್ನು ಮರದ ಗೂಟಗಳಿಂದ ಬಿಗಿದು ಹಳೇ ಮನೆಯನ್ನೇ ಮತ್ತೆ ಕಟ್ಟಿದರು, 1989ರಲ್ಲಿ ಮುಗಿಯಿತು. ಅವರ ಮನೆ ಹೋದದ್ದು ಯುದ್ಧಕ್ಕೆ. ನಮ್ಮ ಮನೆ ಹೋದದ್ದು ನನ್ನ ಒಂದು "ಆಗಲಿ"ಗೆ.

ತಮ್ಮನ ತಾರಸಿ ಹತ್ತೇ ವರ್ಷದಲ್ಲಿ ಸೋರಿತು; ಈಗ ಅದರ ಮೇಲೆ ತಗಡಿನ ಮಾಡು ಕೂತಿದೆ. ಅಜ್ಜನ ಕಂಬಗಳು ಯಾವ ರೆಸಾರ್ಟಿನಲ್ಲಿವೆಯೋ. ನಿಮ್ಮ ಮನೆಯ ಕಂಬಗಳು ಇನ್ನೂ ಇದ್ದರೆ, ವ್ಯಾಪಾರಿಗೆ ಫೋನ್ ಮಾಡುವ ಮೊದಲು ಬಡಗಿಯನ್ನು ಕರೆಸಿ ಬುಡ ತಟ್ಟಿ ನೋಡಿಸಿ. ದೂರದ ಊರಿನ ಅಣ್ಣಂದಿರೇ, ತಮ್ಮ ಫೋನ್ ಮಾಡಿದರೆ ದುಡುಕಿ "ಆಗಲಿ" ಅನ್ನಬೇಡಿ. ರಿಪೇರಿಗೆ ಎಷ್ಟು ಕಳಿಸಲಿ ಅಂತ ಕೇಳಿ.