ಅಶೋಕ ಕರ್ನಾಟಕಕ್ಕೆ ಬಂದಿದ್ದನಾ?

ಆರನೇ ಕ್ಲಾಸಿನ ಮಗಳು ಹೋಂವರ್ಕ್ ಮಾಡುತ್ತಾ ಕೇಳಿದಳು: "ಅಪ್ಪಾ, ಅಶೋಕ ಕರ್ನಾಟಕಕ್ಕೂ ಬಂದಿದ್ದನಾ?"

"ಓಹೋ, ಬಂದಿದ್ದ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅವನ ಶಾಸನವೇ ಇದೆ" ಎಂದೆ.

"ಶಾಸನ ಇದ್ದರೆ ಅವನೇ ಬಂದಿದ್ದ ಅಂತ ಹೇಗೆ ಗೊತ್ತು?"

ನಾನು ಸುಮ್ಮನಾದೆ. ಅವಳ ಟೀಚರ್ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಯಂತೆ ಅದು: "ನಮಗೆ ಹೇಗೆ ಗೊತ್ತು?"

ಹೀಗೆ ಕೇಳಿಸಿ ಕಲಿಸುವುದೂ ಒಂದು ವಿದ್ಯೆ. ಕ್ಯಾಲಿಫೋರ್ನಿಯಾದಲ್ಲಿ ಟೀಚರ್ ಆಗಬೇಕೆನ್ನುವವರು ಸಾಮಾನ್ಯವಾಗಿ ಡಿಗ್ರಿ ಮುಗಿದ ಮೇಲೆ ಮತ್ತೆ ಓದಿ ಕ್ರೆಡೆನ್ಶಿಯಲ್ ಪಡೆಯುತ್ತಾರೆ. ನ್ಯೂವಾರ್ಕ್‌ಗೆ ಹತ್ತಿರದ ಹೇವರ್ಡ್‌ನಲ್ಲಿ, ಸ್ಯಾನ್ ಹೋಸೆಯಲ್ಲಿ ಸ್ಟೇಟ್ ಯೂನಿವರ್ಸಿಟಿಗಳು ಈ ತರಬೇತಿ ಕೊಡುತ್ತವೆ. ನಮ್ಮೂರ ಬಿ.ಎಡ್. ಇದ್ದ ಹಾಗೆ. ಅದರಲ್ಲಿ 600 ಗಂಟೆ ನಿಜವಾದ ಶಾಲೆಯಲ್ಲಿ, ಅನುಭವಿ ಟೀಚರ ಮಾರ್ಗದರ್ಶನದಲ್ಲಿ ಕಲಿಯಬೇಕು.

ಆದರೂ ಆರನೇ ತರಗತಿಯ ಟೀಚರ್ ಒಂದೇ ವರ್ಷದಲ್ಲಿ ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್ ಎಲ್ಲವನ್ನೂ ಮುಗಿಸಬೇಕು. ಮಸ್ಕಿಯ ಹೆಸರು ಅವರಿಗೆ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. 2005-06ರಲ್ಲಿ, ಮತ್ತೆ 2016ರಲ್ಲಿ, ಪಠ್ಯದಲ್ಲಿ ಭಾರತದ ಬಗ್ಗೆ ಏನಿರಬೇಕು ಎಂದು ಸ್ಯಾಕ್ರಮೆಂಟೊವರೆಗೂ ವಾದ ನಡೆಯಿತು. ಆ ಪುಟವನ್ನು ಪಾಠ ಮಾಡುವ ಟೀಚರ ತರಬೇತಿಯ ಬಗ್ಗೆ ನಾವು ಪೋಷಕರು ಅಷ್ಟು ಆಸಕ್ತಿ ತೋರಿದ್ದೇವೆಯೇ?

ಇನ್ನು ನಮ್ಮ ಕನ್ನಡ ಶಾಲೆ. ಬಸವಣ್ಣ, ಕಿತ್ತೂರು ಚೆನ್ನಮ್ಮ, ವಿಜಯನಗರ ಎಲ್ಲವನ್ನೂ ಇಲ್ಲಿ ಹೇಳಿಕೊಡುವವರು ನಾವೇ. ಪ್ರೀತಿಯಿಂದಲೇ ಹೇಳಿಕೊಡುತ್ತೇವೆ. ಆದರೆ ನಮ್ಮಲ್ಲಿ ಹೆಚ್ಚಿನವರು ಎಂಜಿನಿಯರ್‌ಗಳು. 600 ಗಂಟೆ ಹಾಗಿರಲಿ, ಆರು ಗಂಟೆಯ ತರಬೇತಿಯೂ ನಮಗಿಲ್ಲ. ಕೇಳಿದ ಕಥೆ, ವಾಟ್ಸಾಪಿನಲ್ಲಿ ಬಂದ ಮಾತು, ಶಾಸನದಲ್ಲಿರುವ ಸಂಗತಿ ಮೂರೂ ನಮ್ಮ ಪಾಠದಲ್ಲಿ ಒಂದೇ ದನಿಯಲ್ಲಿ ಬಂದುಬಿಡುತ್ತವೆ. ನಾಳೆ ಮಕ್ಕಳು "ಹೇಗೆ ಗೊತ್ತು?" ಎಂದಾಗ ನಾವು ತಡವರಿಸಿದರೆ, ನಿಜವಾದ ಸಂಗತಿಯನ್ನೂ ಅವರು ನಂಬಲಿಕ್ಕಿಲ್ಲ.

ಮಸ್ಕಿಯ ಶಾಸನ ಸಿಕ್ಕಿದ್ದು 1915ರಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ. ಅದನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಆ ಕಲ್ಲಿನಲ್ಲೇ. ಎಂಜಿನಿಯರ್‌ಗೆ ಕಲ್ಲು ಕಂಡಿತು, ಓದಲು ಕಲಿತವರೇ ಬೇಕಾಯಿತು.

ಆದ್ದರಿಂದ ನನ್ನ ಸಲಹೆ ಎರಡು. ಮುಂದಿನ ಟರ್ಮ್ ಶುರುವಾಗುವ ಮೊದಲು, ಇಲ್ಲಿನ ಶಾಲೆಗಳ ಸೋಶಿಯಲ್ ಸ್ಟಡೀಸ್ ಟೀಚರೊಬ್ಬರನ್ನು ಕರೆದು, ನಾವು ಸ್ವಯಂಸೇವಕರು ಒಂದು ಶನಿವಾರ ವಿದ್ಯಾರ್ಥಿಗಳಾಗಿ ಕೂರೋಣ. ಬದಲಿಗೆ ಮಸ್ಕಿ ಶಾಸನದ ಒಂದು ಫೋಟೋ, ಅದರ ಅನುವಾದ ಅವರ ಕೈಗಿಡೋಣ. ದೂರು ಹೊತ್ತು ಹೋಗುವುದಕ್ಕಿಂತ ಅದು ಒಳ್ಳೆಯದು.

ಮಕ್ಕಳೇ, ನೀವು ಕೇಳುತ್ತಲೇ ಇರಿ. ಅಂದ ಹಾಗೆ, ಮಗಳಿಗೆ ಮರುದಿನ ಉತ್ತರ ಕೊಟ್ಟೆ: "ಅಶೋಕನ ಮಾತು ಮಸ್ಕಿಗೆ ಬಂದಿತ್ತು, ಅದಕ್ಕೆ ಕಲ್ಲು ಸಾಕ್ಷಿ. ಅವನೇ ಬಂದಿದ್ದ ಅಂತ ಆ ಕಲ್ಲು ಹೇಳುವುದಿಲ್ಲ."